ಸಣ್ಣ ಎಸ್‌ಎಸ್‌ಡಿಯಲ್ಲಿ ಏನಿರಬೇಕು: ಒಂದು ಹಳೆಯ ಪ್ರಶ್ನೆಯ ಇತಿಹಾಸ

ವೇಗ, ವಿಸ್ತಾರ, ಅಗ್ಗದ ಬೆಲೆ ಈ ಮೂರೂ ಒಂದೇ ಸಂಗ್ರಹ ಸಾಧನದಲ್ಲಿ ಕೂಡಿಬರುವುದು ಅಪರೂಪವಾದ್ದರಿಂದ, ಸಣ್ಣದೂ ವೇಗದ್ದೂ ಆದ ಸ್ಮೃತಿಯ ಬೆನ್ನಿಗೆ ದೊಡ್ಡದೂ ನಿಧಾನವೂ ಆದ ಸ್ಮೃತಿಯನ್ನು ಹಂತಹಂತವಾಗಿ ಜೋಡಿಸುವ ಕ್ರಮವನ್ನು ಆರ್ಥರ್ ಬರ್ಕ್ಸ್, ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ವಾನ್ ನಾಯ್ಮನ್ 1946ರ ತಮ್ಮ ವರದಿಯಲ್ಲೇ ಸೂಚಿಸಿದ್ದರು. ಈ ಕ್ರಮವನ್ನು ಒಪ್ಪಿದೊಡನೆ ಎರಡು ಪ್ರಶ್ನೆಗಳು ಏಳುತ್ತವೆ: ಸಣ್ಣ ಜಾಗದಲ್ಲಿ ಏನನ್ನು ಇಡಬೇಕು, ಅದನ್ನು ನಿರ್ಧರಿಸುವ ಹೊಣೆ ಮನುಷ್ಯನದೋ ಯಂತ್ರದ್ದೋ. 2008ರ ಸುಮಾರಿಗೆ ಮನೆಯ ಕಂಪ್ಯೂಟರುಗಳಿಗೆ ಬಂದ ಸಣ್ಣ ಎಸ್‌ಎಸ್‌ಡಿ, ಅಂದರೆ ಚಲಿಸುವ ಭಾಗಗಳಿಲ್ಲದೆ ಚಿಪ್‌ಗಳಲ್ಲೇ ದತ್ತಾಂಶವನ್ನು ಕಾಯ್ದಿಡುವ ಡ್ರೈವ್, ಈ ಪ್ರಶ್ನೆಗಳನ್ನು ಸಾಮಾನ್ಯ ಬಳಕೆದಾರರ ಮುಂದೆ ತಂದಿಟ್ಟಿತು.

ಎರಡನೆಯ ಪ್ರಶ್ನೆಗೆ ಮೊದಲ ಸಮರ್ಥ ಉತ್ತರ ದೊರೆತದ್ದು 1962ರಲ್ಲಿ, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಲ್ಬರ್ನ್ ಅವರ ತಂಡ ರೂಪಿಸಿದ ಅಟ್ಲಾಸ್ ಯಂತ್ರದಲ್ಲಿ. ಅದಕ್ಕೆ ಹಿಂದೆ, ತಿರುಗುವ ಕಾಂತೀಯ ಡ್ರಮ್‌ನಿಂದ ವೇಗದ ಸ್ಮೃತಿಗೆ ಯಾವ ಭಾಗವನ್ನು ಯಾವಾಗ ತರಬೇಕೆಂಬುದನ್ನು ಪ್ರೋಗ್ರಾಂ ಬರೆಯುವವರೇ ಲೆಕ್ಕಹಾಕಿ ಬರೆಯಬೇಕಿತ್ತು. ಅಟ್ಲಾಸ್ ತನ್ನ ಸ್ಮೃತಿಯನ್ನು 512 ಪದಗಳ ಪುಟಗಳಾಗಿ ವಿಂಗಡಿಸಿ, ಬೇಕಾದ ಪುಟವನ್ನು ತಾನೇ ತರಿಸಿಕೊಂಡು, ಹಿಂದಿನ ಬಳಕೆಯನ್ನು ಗಮನಿಸಿ ಯಾವ ಪುಟವನ್ನು ಹೊರಗೆ ಕಳಿಸಬಹುದೆಂದು ತಾನೇ ಆರಿಸುತ್ತಿತ್ತು. 1965ರಲ್ಲಿ ಮಾರಿಸ್ ವಿಲ್ಕ್ಸ್ ಇದಕ್ಕೆ ಹತ್ತಿರದ ವಿಚಾರವನ್ನು ಇನ್ನೂ ವೇಗದ ಪುಟ್ಟ ಸ್ಮೃತಿಗೆ ಅನ್ವಯಿಸಿದರು; ಆಗಾಗ ಬೇಕಾಗುವುದರ ಪ್ರತಿಯನ್ನು ಕೈಗೆಟಕುವಂತೆ ಇಟ್ಟುಕೊಳ್ಳುವ ಆ ಏರ್ಪಾಡಿಗೆ ಮುಂದೆ ಕ್ಯಾಶ್ ಎಂಬ ಹೆಸರು ನಿಂತಿತು.

ಎಸ್‌ಎಸ್‌ಡಿಗೆ ಆಧಾರವಾದ ನ್ಯಾಂಡ್ ಫ್ಲ್ಯಾಶ್ ಸ್ಮೃತಿಯನ್ನು ತೋಷಿಬಾದ ಫುಜಿಯೊ ಮಸುಒಕ ಮತ್ತು ಸಂಗಡಿಗರು 1987ರಲ್ಲಿ ಮಂಡಿಸಿದರು. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನ ತಟ್ಟೆ ಅರ್ಧ ಸುತ್ತು ಬರುವುದಕ್ಕೇ 4 ಮಿಲಿಸೆಕೆಂಡಿಗೂ ಹೆಚ್ಚು ಹಿಡಿಯುವುದರಿಂದ, ಚದುರಿದ ಸಣ್ಣ ಸಣ್ಣ ಭಾಗಗಳನ್ನು ಓದುವಾಗ ಫ್ಲ್ಯಾಶ್‌ನ ಮೇಲುಗೈ ಎದ್ದು ಕಾಣುತ್ತದೆ. ಮೊದಲಿಂದ ಕೊನೆಯವರೆಗೆ ಸಾಲಾಗಿ ಓದುವ ಚಲನಚಿತ್ರದ ಕಡತಕ್ಕೆ ಆ ಲಾಭ ಅಷ್ಟಿಲ್ಲ. 2008ರಲ್ಲಿ ಇಂಟೆಲ್‌ನ 80 ಜಿಬಿ ಎಸ್‌ಎಸ್‌ಡಿ ಸುಮಾರು 600 ಡಾಲರ್ ಬೆಲೆಗೆ ಬಂದಾಗ 1,000 ಜಿಬಿಯ ಹಾರ್ಡ್ ಡಿಸ್ಕ್‌ಗಳು ಆಗಲೇ ಮಾರುಕಟ್ಟೆಯಲ್ಲಿದ್ದವು. ಆದ್ದರಿಂದ ಆಪರೇಟಿಂಗ್ ಸಿಸ್ಟಂ ಮತ್ತು ತಂತ್ರಾಂಶಗಳಿಗೆ ಎಸ್‌ಎಸ್‌ಡಿ, ಚಿತ್ರ ಸಂಗೀತಗಳಿಗೆ ಹಾರ್ಡ್ ಡಿಸ್ಕ್ ಎಂಬ ಕೈಯಾರೆ ಮಾಡಿದ ವಿಂಗಡಣೆ ರೂಢಿಗೆ ಬಂತು. ಫ್ಲ್ಯಾಶ್‌ನ ಪ್ರತಿಯೊಂದು ಖಂಡವನ್ನು ಅಳಿಸಿ ಬರೆಯಬಹುದಾದ ಸಲಕ್ಕೆ ಮಿತಿಯಿರುವುದರಿಂದ, ಸವೆತಕ್ಕೆ ಅಂಜಿ ಪೇಜ್‌ಫೈಲನ್ನು, ಎಂದರೆ ಮುಖ್ಯ ಸ್ಮೃತಿಯಲ್ಲಿ ಹಿಡಿಸದ ಪುಟಗಳನ್ನಿಡುವ ಕಡತವನ್ನು, ಹಾರ್ಡ್ ಡಿಸ್ಕಿಗೆ ಸಾಗಿಸುವ ಪದ್ಧತಿಯೂ ಇತ್ತು. ಆದರೆ ಆ ಕಡತದಲ್ಲಿ ಒಂದು ಬರವಣಿಗೆಗೆ ಸುಮಾರು 40 ಓದುಗಳು ನಡೆಯುತ್ತವೆ, ಅವುಗಳಲ್ಲಿ ಹೆಚ್ಚಿನವು ತೀರ ಸಣ್ಣವು ಎಂದು ಮೈಕ್ರೋಸಾಫ್ಟ್‌ನ ಎಂಜಿನಿಯರುಗಳು 2009ರಲ್ಲಿ ತಿಳಿಸಿ, ಎಸ್‌ಎಸ್‌ಡಿಯಲ್ಲಿಡಲು ಅಷ್ಟು ತಕ್ಕ ಕಡತಗಳು ಕೆಲವೇ ಎಂದರು.

ಕಡತದ ಹೆಸರು ನೋಡಿ ವಿಂಗಡಿಸುವವರಿಗೆ ಕಾಣದ ಇಂಥ ಬಳಕೆಯ ಲೆಕ್ಕ ಯಂತ್ರಕ್ಕೆ ಕಾಣುತ್ತದೆಂಬ ಅರಿವೇ ಮುಂದಿನ ಹಂತಕ್ಕೆ ದಾರಿಯಾಯಿತು. 2011ರಲ್ಲಿ ಇಂಟೆಲ್ ತಂದ ವ್ಯವಸ್ಥೆ ಎಸ್‌ಎಸ್‌ಡಿಯ 64 ಜಿಬಿಯವರೆಗಿನ ಜಾಗವನ್ನು ಹಾರ್ಡ್ ಡಿಸ್ಕಿನ ಕ್ಯಾಶ್ ಆಗಿ ಬಳಸಿತು. 2012ರ ಆ್ಯಪಲ್ ಫ್ಯೂಷನ್ ಡ್ರೈವ್ ಪ್ರತಿ ಮಾಡುವ ಬದಲು ದತ್ತಾಂಶವನ್ನೇ ಸ್ಥಳಾಂತರಿಸುತ್ತಿದ್ದುದರಿಂದ 128 ಜಿಬಿ ಎಸ್‌ಎಸ್‌ಡಿಯೂ ಹಾರ್ಡ್ ಡಿಸ್ಕೂ ಸೇರಿ ಒಂದೇ ಡ್ರೈವಾಗಿ ಕಾಣುತ್ತಿದ್ದವು. ಎರಡರಲ್ಲಿ ಒಂದು ಕೆಟ್ಟರೂ ಒಟ್ಟು ಸಂಗ್ರಹಕ್ಕೇ ಧಕ್ಕೆಯೆಂಬುದು ಆ ಅನುಕೂಲಕ್ಕೆ ತೆತ್ತ ಬೆಲೆ. ಲಿನಕ್ಸ್ ಕರ್ನಲ್ಲಿಗೂ 2013ರಲ್ಲಿ ಇಂಥ ಎರಡು ಕ್ಯಾಶ್ ಏರ್ಪಾಡುಗಳು ಸೇರಿದವು.

ಮುಂದೆ ಎಸ್‌ಎಸ್‌ಡಿಯ ಬೆಲೆ ಇಳಿದು ಎಲ್ಲವೂ ಅದರಲ್ಲೇ ಹಿಡಿಸುವಂತಾದಾಗ ಬಳಕೆದಾರರು ವಿಂಗಡಣೆಯ ಹೊಣೆಯಿಂದ ಬಿಡುಗಡೆ ಹೊಂದಿದರು. ಆದರೂ ಪ್ರತಿ ಕೋಶದಲ್ಲಿ ಮೂರು ಬಿಟ್ ತುಂಬುವ ಅಗ್ಗದ ಎಸ್‌ಎಸ್‌ಡಿಗಳು ಬರೆಯುವುದರಲ್ಲಿ ನಿಧಾನವಾದ್ದರಿಂದ, ಅವುಗಳಲ್ಲಿ ಅನೇಕವು ತಮ್ಮದೇ ಒಂದು ಸಣ್ಣ ಭಾಗವನ್ನು ಕೋಶಕ್ಕೊಂದೇ ಬಿಟ್‌ನಂತೆ ವೇಗವಾಗಿ ಬಳಸಿ, ಹೊಸ ಬರಹವನ್ನು ಮೊದಲು ಅಲ್ಲಿ ಇಳಿಸಿಕೊಂಡು, ಬಿಡುವಿನಲ್ಲಿ ಉಳಿದ ಕಡೆಗೆ ಸಾಗಿಸುತ್ತವೆ. ಸಣ್ಣ ಜಾಗದಲ್ಲಿ ಏನಿರಬೇಕೆಂಬ ಪ್ರಶ್ನೆ ಹೀಗೆ ಡ್ರೈವಿನ ಒಡಲನ್ನೇ ಹೊಕ್ಕಿತು.