ಶಾಹಜಹಾನಾಬಾದಿನ ರೂಪಾಯಿ ಮತ್ತು ನಾಣ್ಯದ ಮೇಲಿನ ವರ್ಷ

ನಾಣ್ಯದ ಮೇಲೆ ಕೊರೆದ ವರ್ಷವೇ ಅದು ಅಚ್ಚಾದ ವರ್ಷವೆಂದು ನಂಬುವುದು ಸಹಜ. ಶಾಸನದ ಕಾಲವನ್ನು ಲಿಪಿ, ಭಾಷೆಗಳಿಂದ ಒರೆಹಚ್ಚಿ ನೋಡುವ ವಿದ್ವಾಂಸರೂ ನಾಣ್ಯದ ಮುಂದೆ ಈ ಎಚ್ಚರವನ್ನು ಸಡಿಲಿಸುವುದುಂಟು. 19ನೆಯ ಶತಮಾನದ ಬೆಳ್ಳಿ ನಾಣ್ಯಗಳ ವಿಷಯದಲ್ಲಿ ಇದು ಅಪಾಯಕರ. ದೆಹಲಿಯೇ ಅದಕ್ಕೆ ಸಾಕ್ಷಿ.

1803ರ ಸೆಪ್ಟೆಂಬರಿನಲ್ಲಿ ಪಟ್‌ಪಡ್‌ಗಂಜಿನ ಬಳಿ ಸಿಂಧಿಯಾನ ಸೈನ್ಯವನ್ನು ಸೋಲಿಸಿ ಜನರಲ್ ಲೇಕನು ನಗರವನ್ನು ಹೊಕ್ಕನು. ಕಣ್ಣು ಕೀಳಿಸಿಕೊಂಡು ಕುರುಡನಾಗಿದ್ದ ಬಾದಶಹ ಎರಡನೆಯ ಶಾಹ ಆಲಮನು ಸಿಂಧಿಯಾನ ಆಶ್ರಯದಿಂದ ಕಂಪನಿಯ ಆಶ್ರಯಕ್ಕೆ ಬಂದನು. ಅನಂತರ ಶಾಹಜಹಾನಾಬಾದಿನ ಟಂಕಸಾಲೆಯಿಂದ ಹೊರಟ ಒಂದು ಬಗೆಯ ರೂಪಾಯಿ ಇಂದು ಬಹು ವಿರಳ. ನಡುವೆ ಪಾರಸಿ ಬರಹದಲ್ಲಿ ಬಾದಶಹನ ಹೆಸರೇ ಇದೆ. ಆದರೆ ಅದನ್ನು ಸುತ್ತುವರಿದಿರುವುದು ಗುಲಾಬಿ, ಥಿಸಲ್, ಶಾಮ್‌ರಾಕ್‌ಗಳ ಮಾಲೆ, ಅಂದರೆ ಇಂಗ್ಲೆಂಡು, ಸ್ಕಾಟ್ಲೆಂಡು, ಐರ್ಲೆಂಡುಗಳ ಲಾಂಛನ. ಯಾರು ಯಾರನ್ನು ಸುತ್ತುಗಟ್ಟಿದ್ದರೆಂಬುದನ್ನು ಹೇಳಲು ಬೇರೆ ಕಾಗದಪತ್ರ ಬೇಕಿಲ್ಲ.

ಶಾಹ ಆಲಮನು 1806ರಲ್ಲಿ ತೀರಿಕೊಂಡನು. ಅವನ ನಾಣ್ಯ ತೀರಲಿಲ್ಲ. ಹಳೆಯ ವರ್ಷದ ರೂಪಾಯಿಗೆ ಚಿನಿವಾರರು ವಟ್ಟ ಹಿಡಿಯುತ್ತಿದ್ದುದರಿಂದ, ವರ್ಷವನ್ನೇ ಬದಲಿಸದಿರುವ ಉಪಾಯವನ್ನು ಕಂಪನಿ ಮೊದಲೇ ಹೂಡಿತ್ತು. ಬಂಗಾಳದ ಸಿಕ್ಕಾ ರೂಪಾಯಿಯಲ್ಲಿ ಅವನ ಆಳ್ವಿಕೆಯ 19ನೆಯ ವರ್ಷ, ಫರೂಖಾಬಾದಿನ ರೂಪಾಯಿಯಲ್ಲಿ 45ನೆಯ ವರ್ಷ ಸ್ಥಿರವಾಗಿ ನಿಂತವು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಬೆಳ್ಳಿಯ ರೂಪಾಯಿಯೂ, ಬಾದಶಹನು ಸತ್ತ ಮೇಲೂ, ಅವನ ಹೆಸರನ್ನೇ ಹೊತ್ತು ಬಂದಿತು. ದೆಹಲಿಯಿಂದ ಅಷ್ಟು ದೂರದ ಕನ್ನಡ ನಾಡಿನಲ್ಲಿ ಈ ಹೆಸರು ಅಧಿಕಾರದ ಗುರುತಲ್ಲ, ಪೇಟೆಯಲ್ಲಿ ನಾಣ್ಯ ಸಲ್ಲುವುದಕ್ಕೆ ಬೇಕಾದ ಮುದ್ರೆಯಷ್ಟೆ.

ಈ ಸೋಗು 1835ರ ಕಾಯಿದೆಯಿಂದ ಕೊನೆಗೊಂಡಿತು. 180 ಗ್ರೇನು ತೂಕದ ಏಕರೂಪದ ರೂಪಾಯಿಯ ಮೇಲೆ ನಾಲ್ಕನೆಯ ವಿಲಿಯಮ್ಮನ ಮುಖ ಮೂಡಿತು. ಅದಕ್ಕೆ ಮುನ್ನ ಕಲ್ಕತ್ತೆಯಲ್ಲಿ 1834ರ ಮಾದರಿ ನಾಣ್ಯಗಳು ಸಿದ್ಧವಾಗಿದ್ದುವು, ಚಲಾವಣೆಗಾಗಿಯಲ್ಲ, ಒಪ್ಪಿಗೆಗಾಗಿ. ಇಲ್ಲಿಂದ ಎರಡನೆಯ ತೊಡಕು ಆರಂಭವಾಗುತ್ತದೆ. ಕಲ್ಕತ್ತ, ಮುಂಬಯಿ ಟಂಕಸಾಲೆಗಳು ಹಳೆಯ ಅಚ್ಚುಗಳನ್ನು ಕಾಪಾಡಿಕೊಂಡು, ಸಂಗ್ರಾಹಕರ ಬೇಡಿಕೆಗೆ 20ನೆಯ ಶತಮಾನದಲ್ಲಿಯೂ ನಾಣ್ಯಗಳನ್ನು ಮತ್ತೆ ಅಚ್ಚೊತ್ತಿಕೊಟ್ಟುವು. ಅಚ್ಚು ನಿಜ, ಟಂಕಸಾಲೆ ನಿಜ, ವರ್ಷ ಮಾತ್ರ ಸುಳ್ಳು. ಆದುದರಿಂದ ಇವನ್ನು ಕಳ್ಳನಾಣ್ಯವೆನ್ನುವುದು ಸಲ್ಲದು, ಮೂಲವೆನ್ನುವುದೂ ಸಲ್ಲದು. ಅಚ್ಚಿಗೆ ಹಿಡಿದ ತುಕ್ಕಿನ ಚುಕ್ಕೆಗಳೂ ಅದನ್ನು ಉಜ್ಜಿದ ನವುರಾದ ಗೆರೆಗಳೂ ಬೆಳ್ಳಿಯ ಮೇಲೆ ಇಳಿದಿರುತ್ತವೆ. ಪರೀಕ್ಷಕನಿಗೆ ಅವೇ ದಿಕ್ಕು.

ಅಮೆರಿಕದ ಉದಾಹರಣೆ ಇನ್ನೂ ಸೋಜಿಗದ್ದು. 1804ನೆಯ ವರ್ಷವನ್ನು ಹೊತ್ತ ಬೆಳ್ಳಿಯ ಡಾಲರುಗಳು ಕೆಲವೇ ಕೆಲವು ತಿಳಿದಿವೆ. ಒಂದೂ 1804ರಲ್ಲಿ ಅಚ್ಚಾದುದಲ್ಲ. ಮೊದಲ ಎಂಟು 1834ರ ಸುಮಾರಿಗೆ, ಸಯಾಮಿನ ಅರಸ ಮತ್ತು ಮಸ್ಕತಿನ ಸುಲ್ತಾನರಿಗೆ ಕಾಣಿಕೆ ಕೊಡಬೇಕಾದಾಗ ಹುಟ್ಟಿದುವು. ಉಳಿದುವು ಅದಕ್ಕೂ ಎಷ್ಟೋ ವರ್ಷಗಳ ಮೇಲೆ ಟಂಕಸಾಲೆಯಲ್ಲಿಯೇ ಗುಟ್ಟಾಗಿ ತಯಾರಾದುವು. ಅವುಗಳಲ್ಲೊಂದನ್ನು 1857ರ ಸ್ವಿಟ್ಜರ್ಲೆಂಡಿನ ಬೆಳ್ಳಿ ನಾಣ್ಯವೊಂದರ ಮೇಲೆಯೇ ಒತ್ತಿದ್ದರು. ಕೆಳಗಿನ ಆ ಮುದ್ರೆ ಪೂರ್ತಿ ಅಳಿಯಲಿಲ್ಲ.