ಸರಾಸರಿಯಲ್ಲಿ ಕಾಣೆಯಾಗುವ ಹರೆಯದ ಜಿಗಿತ

1759ರಲ್ಲಿ ಹುಟ್ಟಿದ ತಮ್ಮ ಮಗನ ಎತ್ತರವನ್ನು ಫ್ರಾನ್ಸಿನ ಗೆನೋ ದ ಮಾಂಟ್‌ಬೇಯಾರ್ ಹದಿನೆಂಟು ವರ್ಷಗಳ ಕಾಲ, ಸುಮಾರು ಆರು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟರು. ಅವರ ಗೆಳೆಯ, ನಿಸರ್ಗವಿಜ್ಞಾನಿ ಬ್ಯೂಫಾನ್ ಆ ಅಳತೆಗಳನ್ನು 1777ರಲ್ಲಿ ಅಚ್ಚು ಹಾಕಿಸಿದರು. ರಾತ್ರಿಯಿಡೀ ನೃತ್ಯಕೂಟದಲ್ಲಿ ಕಳೆದ ಹುಡುಗನ ಎತ್ತರ ತುಸು ಇಳಿದು, ವಿಶ್ರಾಂತಿಯ ಬಳಿಕ ಮರಳಿದ್ದೂ ಅಲ್ಲಿ ದಾಖಲಾಗಿದೆ. ಅಳೆದವರ ನಿಷ್ಠೆಗೆ ಇಷ್ಟೇ ಸಾಕ್ಷಿ ಸಾಕು.

1927ರಲ್ಲಿ ಅಂಗರಚನಾಶಾಸ್ತ್ರಜ್ಞ ರಿಚರ್ಡ್ ಸ್ಕ್ಯಾಮನ್ ಈ ಅಂಕಿಗಳನ್ನು ಸೆಂಟಿಮೀಟರಿಗೆ ಪರಿವರ್ತಿಸಿದರು. ಒಟ್ಟು ಎತ್ತರದ ಬದಲು ವರ್ಷಕ್ಕೆಷ್ಟು ಬೆಳೆದನೆಂದು ನೋಡಿದರೆ ಚಿತ್ರವೇ ಬೇರೆ. ಶೈಶವದಲ್ಲಿ ಅತಿ ವೇಗ, ಬಾಲ್ಯದುದ್ದಕ್ಕೂ ಇಳಿಮುಖ, ಹದಿನಾಲ್ಕರ ಸುಮಾರಿಗೆ ಮತ್ತೆ ಕಡಿದಾದ ಏರು. ಇದೇ ಹರೆಯದ ಜಿಗಿತ.

ಒಂದೇ ಮಗುವನ್ನು ವರ್ಷಗಟ್ಟಲೆ ಹಿಂಬಾಲಿಸಿದ್ದರಿಂದಲೇ ಈ ಶಿಖರ ಇಷ್ಟು ಸ್ಪಷ್ಟ. ಬೇರೆ ಬೇರೆ ವಯಸ್ಸಿನ ನೂರಾರು ಮಕ್ಕಳನ್ನು ಒಮ್ಮೆ ಮಾತ್ರ ಅಳೆದು ಸರಾಸರಿ ತೆಗೆದರೆ ಅದು ಚಪ್ಪಟೆಯಾಗುತ್ತದೆ. ಒಬ್ಬ ಹುಡುಗ ಹನ್ನೆರಡೂವರೆಗೆ ಜಿಗಿಯುತ್ತಾನೆ, ಅವನ ಪಕ್ಕದ ಬೆಂಚಿನವನು ಹದಿನೈದೂವರೆಗೆ. ಇಬ್ಬರೂ ವೇಗದ ತುದಿಯಲ್ಲಿ ವರ್ಷಕ್ಕೆ 9–10 ಸೆಂ.ಮೀ. ಬೆಳೆದರೂ ಇಬ್ಬರ ಸರಾಸರಿಯಲ್ಲಿ ಆ ವೇಗ ಎಲ್ಲಿಯೂ ಸಿಗದು. ಬೆಳವಣಿಗೆಯ ಗತಿ ಮಗುವಿನಿಂದ ಮಗುವಿಗೆ ಬೇರೆಯೆಂದು ಮಾನವಶಾಸ್ತ್ರಜ್ಞ ಫ್ರಾನ್ಜ್ ಬೋವಾಸ್ ಮೊದಲೇ ಗುರುತಿಸಿದ್ದರು; ಜೇಮ್ಸ್ ಟ್ಯಾನರ್ ಮತ್ತು ಸಂಗಡಿಗರು 1966ರ ಬ್ರಿಟಿಷ್ ಬೆಳವಣಿಗೆ ಮಾನದಂಡಗಳಲ್ಲಿ ಅದಕ್ಕೆ ಜಾಗ ಕೊಟ್ಟರು.

ಹುಡುಗಿಯರಲ್ಲಿ ಜಿಗಿತ ಸುಮಾರು ಎರಡು ವರ್ಷ ಮೊದಲು ಬರುತ್ತದೆ. ಹುಡುಗರಿಗೆ ಬಾಲ್ಯದ ಬೆಳವಣಿಗೆಗೇ ಹೆಚ್ಚು ಕಾಲ ಸಿಗುವುದು ಅವರ ಹೆಚ್ಚಿನ ಎತ್ತರಕ್ಕೆ ಒಂದು ಮುಖ್ಯ ಕಾರಣ. ಎಲುಬಿನ ತುದಿಯ ಬೆಳವಣಿಗೆ ಫಲಕ ಮುಚ್ಚುವುದು ಹುಡುಗರಲ್ಲೂ ಈಸ್ಟ್ರೋಜೆನ್ನಿಂದಲೇ. ಆ ಹಾರ್ಮೋನಿಗೆ ದೇಹ ಸ್ಪಂದಿಸದ ಪುರುಷನೊಬ್ಬ ಇಪ್ಪತ್ತೆಂಟರಲ್ಲೂ ಬೆಳೆಯುತ್ತಲೇ ಇದ್ದುದು 1994ರಲ್ಲಿ ವರದಿಯಾಯಿತು.

ಆದ್ದರಿಂದ ಹದಿನಾಲ್ಕರ ಹುಡುಗ ತರಗತಿಯಲ್ಲೇ ಕುಳ್ಳನೆಂಬ ಒಂದೇ ಕಾರಣಕ್ಕೆ ಅವನಲ್ಲಿ ದೋಷವಿದೆಯೆಂದು ತೀರ್ಮಾನಿಸುವುದು ಅನ್ಯಾಯ. ಎಡಗೈಯ ಎಕ್ಸ್‌ರೇಯಲ್ಲಿ ಎಲುಬಿನ ವಯಸ್ಸು ಹಿಂದಿದ್ದರೆ ಬೆಳೆಯಲು ಇನ್ನೂ ಕಾಲವಿದೆಯೆಂದರ್ಥ. ಹಾಗೆಂದು ನಿರ್ಲಕ್ಷ್ಯವೂ ಸಲ್ಲದು: ವೇಗ ನಿಜಕ್ಕೂ ಕುಸಿದಿದ್ದರೆ ಥೈರಾಯ್ಡ್ ಕೊರತೆಯೋ ಕರುಳಿನ ಕಾಯಿಲೆಯೋ ಇರಬಹುದು. ತಡವಾದ ಬೆಳವಣಿಗೆಯನ್ನು ಕಾಯಿಲೆಯಿಂದ ಬೇರ್ಪಡಿಸಲು ವೈದ್ಯರಿಗೆ ಮೊದಲು ಬೇಕಾದದ್ದು ಹಳೆಯ ಅಳತೆಗಳು. ನಮ್ಮ ಶಾಲೆಗಳಲ್ಲಿ ಅಳೆದ ಎತ್ತರವನ್ನು ಪ್ರತಿ ವರ್ಷ ಹೊಸ ಹಾಳೆಯಲ್ಲಿ ಬರೆಯದೆ, ದಿನಾಂಕದ ಸಮೇತ ಒಂದೇ ಕಾರ್ಡಿನಲ್ಲಿ ಮುಂದುವರಿಸಿ, ಶಾಲೆ ಬದಲಿಸಿದಾಗ ಮಗುವಿನ ಜೊತೆಗೇ ಕಳಿಸಬೇಕು.