ಹಂತಕರ ಬೆನ್ನಟ್ಟುವ ಪ್ರೇಮ ಕಾದಂಬರಿ ಓದಿದರೆ ಹುಡುಗಿಯರು ಕೆಡುತ್ತಾರೆಯೇ?

ಸರಣಿ ಹಂತಕರ ಕಥೆಯಿರುವ ಪ್ರೇಮ ಕಾದಂಬರಿ ಓದುವ ಹುಡುಗಿಯರಿಗೆ ಕ್ರಮೇಣ ಕೊಲೆಗಾರರೇ ಇಷ್ಟವಾಗುತ್ತಾರೆ ಎಂಬ ಮಾತಿದೆ. ಬೆಳಗಾವಿಯ ನೆಹರು ನಗರದಲ್ಲಿ ಮೆಡಿಕಲ್ ಓದುತ್ತಿರುವ ಮಗಳ ಬ್ಯಾಗಿನಲ್ಲಿ ಅಂಥ ಪುಸ್ತಕ ಸಿಕ್ಕರೆ ಗಾಬರಿ ಬೇಡ. ಇವುಗಳಲ್ಲಿ ನಾಯಕಿ ಮನಸೋಲುವುದು ಸಾಮಾನ್ಯವಾಗಿ ತನಿಖೆ ಮಾಡುವವನಿಗೆ, ಹಂತಕನಿಗಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಅಮಾಂಡಾ ವಿಕರಿ ಮತ್ತು ಕ್ರಿಸ್ ಫ್ರೇಲಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ನಿಜವಾಗಿ ನಡೆದ ಅಪರಾಧಗಳ ಪುಸ್ತಕಗಳ ಬಗ್ಗೆ. ಕಾದಂಬರಿಗಳ ಬಗ್ಗೆ ಅಲ್ಲ. ಆದರೂ ಒಂದು ಸುಳಿವಿದೆ: ಮಹಿಳೆಯೊಬ್ಬಳು ಉಪಾಯದಿಂದ ಪಾರಾದ ವಿವರ ಇದ್ದ ಪುಸ್ತಕವನ್ನೇ ಮಹಿಳೆಯರು ಹೆಚ್ಚಾಗಿ ಆರಿಸಿಕೊಂಡರು.

ನಮ್ಮ ತಕರಾರು ಬೇರೆ. ಕಾದಂಬರಿಯ ಹಂತಕ ಮಹಾ ಬುದ್ಧಿವಂತ, ಪೊಲೀಸರಿಗೆ ಒಗಟು ಹಾಕುವವನು. ಇದೇ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಇಟ್ಟಿದ್ದ 'ಸಯನೈಡ್' ಮೋಹನ್ ದಕ್ಷಿಣ ಕನ್ನಡದಲ್ಲಿ ಶಾಲಾ ಶಿಕ್ಷಕನಾಗಿದ್ದವನು, ನೋಡಲು ಸಾಧಾರಣ ಮನುಷ್ಯ. ಮದುವೆಯಾಗುತ್ತೇನೆಂದು ಬಡ ಯುವತಿಯರನ್ನು ಪರ ಊರಿಗೆ ಕರೆದೊಯ್ದು, ಗರ್ಭನಿರೋಧಕ ಮಾತ್ರೆ ಎಂದು ಸಯನೈಡ್ ಕೊಡುತ್ತಿದ್ದ. ಅವರು ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಸತ್ತರು, ಒಡವೆ ಇವನ ಪಾಲಾಯಿತು. ಮಗಳು ಯಾರೊಂದಿಗೋ ಓಡಿಹೋದಳೆಂದು ಕೆಲವು ಮನೆಯವರು ಸುಮ್ಮನಾಗಿದ್ದರು. ಅವನು ಸಿಕ್ಕಿಬಿದ್ದದ್ದು 2009ರಲ್ಲಿ.

ಅಂದಹಾಗೆ, ನಾಪತ್ತೆ ದೂರು ಕೊಡಲು 24 ಗಂಟೆ ಕಾಯಬೇಕು ಎಂಬ ಫಾರ್ವರ್ಡ್ ಕೂಡ ಸುಳ್ಳು. ಅಂಥ ನಿಯಮವಿಲ್ಲ, ತಕ್ಷಣ ಠಾಣೆಗೆ ಹೋಗಿ, ಇಲ್ಲವೇ 112ಕ್ಕೆ ಕರೆ ಮಾಡಿ.